ಒಡೆದ ಮೋಲ್ಡಿಗೂ ಬಂತು ಲೆಕ್ಕ

ಕೊಳ್ಳೇಗಾಲದ ಕಡೆ ಹಿಂದೆ ಮಣ್ಣಿನ ಮನೆ ಕೆಡವಿದರೆ ಎಸೆಯುವಂಥದ್ದು ಹೆಚ್ಚೇನೂ ಉಳಿಯುತ್ತಿರಲಿಲ್ಲ. ತೊಲೆ, ಬಾಗಿಲು, ನಾಡಹೆಂಚು ಇನ್ನೊಂದು ಮನೆ ಸೇರುತ್ತಿದ್ದವು. ಗೋಡೆಯ ಮಣ್ಣಿಗೆ ನೀರು ಹಾಕಿ ತುಳಿದರೆ ಹೊಸ ಗೋಡೆ, ಮಿಕ್ಕಿದ್ದು ಹೊಲಕ್ಕೆ. ಈಗ ಕೆಡವುವುದು ಆರ್‌ಸಿಸಿ ಮನೆ. ಕಂಬಿ ಗುಜರಿಗೆ ಹೋಗುತ್ತದೆ, ಮೋಲ್ಡಿನ ಚೂರು ಟ್ರ್ಯಾಕ್ಟರ್ ಏರಿ ರಸ್ತೆಬದಿಗೋ ಕೆರೆಯಂಚಿಗೋ ಬೀಳುತ್ತದೆ.

ಈ ಚೂರೂ ಜಲ್ಲಿಯೇ ಎಂದು ಒಪ್ಪಲು ನಮ್ಮ ಮಾನಕಗಳಿಗೆ ಬಹಳ ಕಾಲ ಹಿಡಿಯಿತು. ಎರಡನೇ ಮಹಾಯುದ್ಧ ಮುಗಿದಾಗಲೇ ಜರ್ಮನಿಯವರು ಬಾಂಬಿಗೆ ಉರುಳಿದ ಕಟ್ಟಡಗಳನ್ನು ಪುಡಿಮಾಡಿ ಹೊಸ ಮನೆಗಳಿಗೆ ಬಳಸಿದ್ದರು. ನಮ್ಮಲ್ಲಿ ಜಲ್ಲಿ, ಮರಳಿನ ಗುಣ ನಿಗದಿಮಾಡುವುದು ಐಎಸ್ 383. ಅದರ 1970ರ ಆವೃತ್ತಿ ನೈಸರ್ಗಿಕ ಮೂಲದ ಜಲ್ಲಿ, ಮರಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2016ರ ಪರಿಷ್ಕರಣೆ ಆ ಬೇಲಿ ತೆಗೆದು, ಹಳೇ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನೂ ಒಳಗೆ ಬಿಟ್ಟುಕೊಂಡಿತು. ಅದೇ ವರ್ಷ ಮಾರ್ಚ್ 29ರಂದು ಕಟ್ಟಡ ತ್ಯಾಜ್ಯದ ಕೇಂದ್ರ ನಿಯಮಗಳೂ ಹೊರಬಂದವು. ಬೆಂಗಳೂರಿನ ಚಿಕ್ಕಜಾಲದಲ್ಲಿ ಇಂಥ ತ್ಯಾಜ್ಯ ಒಡೆಯುವ ಘಟಕವಿದೆ.

ಒಪ್ಪಿಗೆಯೇನೋ ಸಿಕ್ಕಿತು, ಮಿತಿಯೊಂದಿಗೆ. ಕಂಬಿ ಕಟ್ಟಿದ ಕಾಂಕ್ರೀಟಿನಲ್ಲಿ ಜಲ್ಲಿಯ ಶೇ 20ರಷ್ಟು ಮಾತ್ರ, ಅದೂ ಎಂ25 ದರ್ಜೆಯವರೆಗೆ. ಕಂಬಿಯಿಲ್ಲದ್ದರಲ್ಲಿ ಶೇ 25. ಎಂ15ಕ್ಕಿಂತ ಕೆಳಗಿನ ಬೆಡ್ ಕಾಂಕ್ರೀಟಿಗೆ ಪೂರ್ತಿ ಇದನ್ನೇ ಹಾಕಬಹುದು. ಕಾರಣ, ಚೂರಿಗೆ ಅಂಟಿಕೊಂಡ ಹಳೇ ಗಾರೆ. ಅದು ನೀರು ಹೀರಿ ಕಲಸಿದ ಮಾಲನ್ನು ಗಟ್ಟಿಮಾಡುತ್ತದೆ. ಗಟ್ಟಿಯಾಯಿತೆಂದು ಮೇಸ್ತ್ರಿ ಇನ್ನಷ್ಟು ನೀರು ಸುರಿದರೆ ಬಲವೇ ಕುಗ್ಗುತ್ತದೆ. ಆದ್ದರಿಂದ ಜಲ್ಲಿಯನ್ನು ಮೊದಲೇ ನೆನೆಸಿಡಬೇಕು. ಪಿಲ್ಲರಿಗೆ, ತಾರಸಿಗೆ ಇದನ್ನು ಹಾಕುವ ಸಾಹಸ ಸಣ್ಣ ಊರಿನ ಕಾಮಗಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಮಾಡಿ ನೋಡುವವರು ಯಾರು?

ನೆಲದ ಮಟ್ಟದಲ್ಲಿ ಕೆಲಸ ಬೇಕಾದಷ್ಟಿದೆ. ಯಳಂದೂರು, ಕೊಳ್ಳೇಗಾಲದ ಬಯಲಿನಲ್ಲಿ ಎರೆಮಣ್ಣು ಇರುವ ಕಡೆ ಹೊಲದ ದಾರಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಚೂರು ಹಾಸಿ ರೋಲರ್ ಹೊಡೆಸಿದರೆ ಗಾಡಿ ಹೂಳದು. ಹನೂರಿನ ಇಳಿಜಾರುಗಳಲ್ಲಿ ತಡೆಗೋಡೆಯ ಬೆನ್ನಿಗೆ ತುಂಬಿದರೆ ನೀರು ಬಸಿದುಹೋಗುತ್ತದೆ. ದಪ್ಪ ತುಂಡುಗಳು ಉದ್ಯಾನದ ಮೆಟ್ಟಿಲಿಗೆ, ಪಾತಿಯ ಅಂಚಿಗೆ ಸಾಕು. ರೇಷ್ಮೆ ಹುಳು ಮನೆಯ ನೆಲದಡಿಗೂ ಆದೀತು. ಆದರೆ ಹಿಪ್ಪುನೇರಳೆ ಗಿಡದ ಬುಡಕ್ಕೆ, ಬಾವಿಯ ಪಕ್ಕಕ್ಕೆ ಕೂಡದು: ಹೊಸದಾಗಿ ಒಡೆದ ಕಾಂಕ್ರೀಟಿನಿಂದ ಇಳಿಯುವ ನೀರಿನಲ್ಲಿ ಕ್ಷಾರ ಜಾಸ್ತಿ.

ನಿಜವಾದ ತೊಡಕು ಬೆಲೆಯದು. ಕರಿಕಲ್ಲಿಗೆ ಹೆಸರಾದ ಜಿಲ್ಲೆ ಇದು. ಕ್ವಾರಿಯ ಹೊಸ ಜಲ್ಲಿ ಹತ್ತಿರದಲ್ಲೇ ಸಿಗುವಾಗ ಚೂರನ್ನು ಬೆಂಗಳೂರಿಗೆ ಹೊತ್ತು ಒಡೆಸಿ ತರುವುದು ಹುಚ್ಚುತನ. ಒಡೆಯುವುದಾದರೆ ಇಲ್ಲೇ ಒಡೆಯಬೇಕು. 2026ರ ಏಪ್ರಿಲ್ 1ರಿಂದ ಜಾರಿಯೆಂದು ಪ್ರಕಟವಾದ ಹೊಸ ನಿಯಮ ಕಟ್ಟುವವರ ಮೇಲೆ ಮರುಬಳಕೆಯ ಹೊಣೆ ಹೊರಿಸುವುದು 20,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಕಟ್ಟಡಗಳಿಗೆ. ಪೇಟೆ ಬೀದಿಯ ಮನೆಗಳಿಗೆ ಅದರ ಗಾಳಿಯೂ ಸೋಕದು. ಇಲ್ಲಿಗೆ ಒದಗುವಂಥದ್ದು 2016ರ ನಿಯಮದಲ್ಲಿದ್ದ ಇನ್ನೊಂದು ಮಾತು: ಸ್ಥಳೀಯ ಸಂಸ್ಥೆಗಳ ಕಾಮಗಾರಿಯಲ್ಲಿ ಶೇ 10ರಿಂದ 20ರಷ್ಟು ಸಾಮಗ್ರಿ ಇಂಥದ್ದೇ ಆಗಿರಬೇಕು ಎಂಬುದು. ಕೊಳ್ಳೇಗಾಲ ನಗರಸಭೆಯ ಚರಂಡಿ ಟೆಂಡರಿನಲ್ಲಿ ಬೆಡ್‌ಗೆ ಈ ಜಲ್ಲಿಯೇ ಎಂದು ಒಂದು ಸಾಲು ಬರೆದರೆ, ಕ್ರಷರಿನವರೇ ಚೂರು ಹುಡುಕಿಕೊಂಡು ಬಂದಾರು.