ತೀರ್ಮಾನದ ಹೊಣೆ ಹೊತ್ತ ಆಟಗಾರ

ಹನ್ನೊಂದು ಮಂದಿ ಕೂಡಿ ಆಡುವ ಆಟದಲ್ಲಿ ಗೆಲವಿನ ಕೀರ್ತಿಯೂ ಸೋಲಿನ ಅಪಕೀರ್ತಿಯೂ ಹನ್ನೊಂದು ಪಾಲಾಗುವುದೇ ನ್ಯಾಯವೆಂದು ಮೇಲುನೋಟಕ್ಕೆ ತೋರಬಹುದಾದರೂ, ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಮಾತ್ರ ಆ ಎರಡರಲ್ಲಿಯೂ ಸಿಂಹಪಾಲು ಒಬ್ಬನಿಗೇ ಸಲ್ಲುವ ಪರಿಪಾಟಿ ಬೆಳೆದುಬಂದಿದೆ. ಆತನೇ ಕ್ವಾರ್ಟರ್‌ಬ್ಯಾಕ್. ಆ ಸ್ಥಾನದಲ್ಲಿ ನಿಂತು ಹೆಸರು ಗಳಿಸಿದವರು ಹಲವರುಂಟು. ಆದರೆ ಆ ಸ್ಥಾನಕ್ಕೇ ಒಂದು ಹೊಸ ಘನತೆಯನ್ನು ತಂದುಕೊಟ್ಟು, ಕಾಲೇಜು ಹುಡುಗರ ಆಟಕ್ಕಿಂತ ಕೆಳದರ್ಜೆಯದೆಂದು ಎಣಿಸಲ್ಪಡುತ್ತಿದ್ದ ವೃತ್ತಿಪರ ಪಂದ್ಯಗಳನ್ನು ಅಮೆರಿಕದ ಮನೆಮನೆಯ ಮಾತಾಗಿಸಿದವನೆಂದರೆ ಬಾಲ್ಟಿಮೋರ್ ನಗರದ ಕೋಲ್ಟ್ಸ್ ತಂಡದ ಜಾನ್ ಯುನೈಟಸ್.

ಆತನ ಸಾಧನೆ ಅರ್ಥವಾಗಬೇಕಾದರೆ ಆಟದ ಕಟ್ಟಳೆಯನ್ನು ಸ್ಥೂಲವಾಗಿಯಾದರೂ ಅರಿತಿರುವುದು ಅವಶ್ಯಕ. ನೂರು ಗಜ ಉದ್ದದ ಅಂಗಣ. ಅದರ ಎರಡು ತುದಿಗಳಾಚೆ ಹತ್ತು ಹತ್ತು ಗಜದ ಅಂತ್ಯವಲಯ. ಎರಡು ಕೊನೆಗಳಲ್ಲಿಯೂ ಮೊನೆಯಾದ ಚರ್ಮದ ಚೆಂಡು. ಚೆಂಡು ಯಾರ ವಶದಲ್ಲಿದೆಯೋ ಆ ತಂಡಕ್ಕೆ ನಾಲ್ಕು ಯತ್ನಗಳು ಸಲ್ಲುತ್ತವೆ. ಆ ನಾಲ್ಕರೊಳಗಾಗಿ ಹತ್ತು ಗಜ ಮುನ್ನಡೆದರೆ ಮತ್ತೆ ನಾಲ್ಕು ಯತ್ನಗಳು ದೊರೆಯುವುವು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿ ಚೆಂಡನ್ನು ಎದುರಾಳಿಯ ಅಂತ್ಯವಲಯಕ್ಕೆ ಕೊಂಡೊಯ್ದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಅಷ್ಟು ದೂರ ಸಾಗಲಾರದಾಗ ಎರಡು ಕಂಬಗಳ ನಡುವೆ ಹಾರಿಹೋಗುವಂತೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ ಮೂರು. ಮುನ್ನಡೆಯುವುದಕ್ಕೆ ಇರುವ ಹಾದಿಗಳು ಎರಡೇ: ಚೆಂಡನ್ನು ಎದೆಗವಚಿಕೊಂಡು ಓಡುವುದು, ಇಲ್ಲವೆ ಮುಂದೆ ಓಡಿಹೋದ ಸಂಗಡಿಗನತ್ತ ಎಸೆಯುವುದು. 1906ರವರೆಗೂ ಮುಂದಕ್ಕೆ ಎಸೆಯುವುದು ನಿಷಿದ್ಧವಾಗಿತ್ತು. ಆ ನಿಷೇಧ ತೆರವಾದ ಮೇಲೆಯೇ ಎಸೆಯುವವನಿಗೆ ಕ್ರಮಕ್ರಮವಾಗಿ ಇಂದಿನ ಪ್ರಾಮುಖ್ಯ ಪ್ರಾಪ್ತವಾಯಿತು.

ಸಾಲಿನ ನಡುವಿನ ಆಟಗಾರನು ಕಾಲಸಂದಿಯಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಗೆ ತೆಗೆದುಕೊಂಡು, ಐದಾರು ಹೆಜ್ಜೆ ಹಿಂದೆ ಸರಿದು, ತನ್ನನ್ನು ಕಾಯುವ ಐವರ ಗೋಡೆ ಕುಸಿಯುವುದಕ್ಕೆ ಮುಂಚೆ, ಎಂದರೆ ಹೆಚ್ಚೆಂದರೆ ಮೂರು ನಾಲ್ಕು ಸೆಕೆಂಡುಗಳೊಳಗೆ, ಯಾರು ಬಿಡುವಾಗಿದ್ದಾನೆ, ಯಾರು ಬಿಡುವಾಗಲಿದ್ದಾನೆ ಎಂಬುದನ್ನು ಗ್ರಹಿಸಿ ಚೆಂಡನ್ನು ಬಿಡುವುದು ಕ್ವಾರ್ಟರ್‌ಬ್ಯಾಕಿನ ಕೆಲಸ. ಯುನೈಟಸ್ ಆಡುತ್ತಿದ್ದ ಕಾಲದಲ್ಲಿ ಇದರ ಮೇಲೆ ಇನ್ನೊಂದು ಭಾರವೂ ಅವನ ಹೆಗಲ ಮೇಲಿತ್ತು. ಪ್ರತಿಯೊಂದು ಯತ್ನಕ್ಕೂ ಮೊದಲು ಸಂಗಡಿಗರನ್ನು ಸುತ್ತ ನಿಲ್ಲಿಸಿಕೊಂಡು, ಈ ಸಲ ಓಟವೋ ಎಸೆತವೋ, ಯಾರು ಯಾವ ದಿಕ್ಕಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಬಹುಮಟ್ಟಿಗೆ ಆತನೇ ನಿಶ್ಚಯಿಸಿ ಹೇಳುತ್ತಿದ್ದನು. ಯಕ್ಷಗಾನದ ಭಾಗವತನು ಪ್ರಸಂಗವನ್ನು ನಡೆಸುವಂತೆ ಆತನು ಆಟವನ್ನು ನಡೆಸಬೇಕಾಗಿತ್ತು. ವ್ಯತ್ಯಾಸವಿಷ್ಟೇ, ಭಾಗವತನ ಮೈಮೇಲೆ ಯಾರೂ ಬಿದ್ದು ಕೆಡಹುವುದಿಲ್ಲ.

ಯುನೈಟಸ್ ಹುಟ್ಟಿದ್ದು 1933ರ ಮೇ 7ರಂದು, ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗ್‌ನಲ್ಲಿ, ಲಿಥುವೇನಿಯಾ ಮೂಲದ ಒಂದು ಬಡ ಕುಟುಂಬದಲ್ಲಿ. ಮನೆಮನೆಗೆ ಕಲ್ಲಿದ್ದಲು ಸಾಗಿಸುತ್ತಿದ್ದ ತಂದೆ, ಮಗನಿಗೆ ಐದು ವರ್ಷವಾಗಿದ್ದಾಗ ತೀರಿಕೊಂಡನು. ತಾಯಿ ಎದೆಗುಂದದೆ ಆ ವ್ಯಾಪಾರವನ್ನೂ ನಡೆಸಿಕೊಂಡು, ಹೊರಗೂ ದುಡಿದು, ನಾಲ್ಕು ಮಕ್ಕಳನ್ನು ಬೆಳೆಸಿದಳು. ದುಂದುಮಾತಿಲ್ಲದ, ನೋವನ್ನು ಹೇಳಿಕೊಳ್ಳದ, ಹಿಡಿದ ಕೆಲಸವನ್ನು ಮುಗಿಸದೆ ಬಿಡದ ಆತನ ಪ್ರಕೃತಿಗೆ ಮೂಲವನ್ನು ಹುಡುಕುವವರು ಆ ಮನೆಯಿಂದಾಚೆ ಹೋಗಬೇಕಾಗಿಲ್ಲ.

ಶಾಲೆಯಲ್ಲಿ ಚೆನ್ನಾಗಿ ಆಡಿದ ಹುಡುಗನಿಗೆ ಹೆಸರಾಂತ ನೋಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಆಡುವ ಆಸೆಯಿತ್ತು. ಮೈಕಟ್ಟು ತೀರ ಸಣ್ಣದೆಂದು ಅವರು ಬೇಡವೆಂದರು. ಅಷ್ಟೇನೂ ಖ್ಯಾತಿಯಿಲ್ಲದ ಲೂಯಿವಿಲ್ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. 1955ರಲ್ಲಿ ಸ್ವಂತ ಊರಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ತಂಡಗಳು ಸರದಿಯಂತೆ ಹೊಸಬರನ್ನು ಆಯ್ದುಕೊಳ್ಳುವ ಕ್ರಮದಲ್ಲಿ ಆತನನ್ನು ಒಂಬತ್ತನೆಯ ಸುತ್ತಿನಲ್ಲಿ ಆರಿಸಿಕೊಂಡಿತಾದರೂ, ಪೂರ್ವಭಾವಿ ಪಂದ್ಯಗಳಲ್ಲಿ ಒಂದು ಸಲವೂ ಅಂಗಣಕ್ಕಿಳಿಸದೆ, ಋತು ಆರಂಭವಾಗುವ ಮೊದಲೇ ಮನೆಗೆ ಕಳುಹಿಸಿಬಿಟ್ಟಿತು. ತಂಡವನ್ನು ನಡೆಸುವಷ್ಟು ಬುದ್ಧಿ ಈ ಹುಡುಗನಿಗೆ ಸಾಲದೆಂದು ಅಲ್ಲಿನ ತರಬೇತುದಾರ ಭಾವಿಸಿದ್ದನೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಮುಂದೆ ಯಾವ ಗುಣಕ್ಕಾಗಿ ಆತನನ್ನು ಲೋಕ ಕೊಂಡಾಡಿತೋ ಅದೇ ಗುಣ ಅವನಲ್ಲಿಲ್ಲವೆಂದು ಮೊದಲ ಪರೀಕ್ಷಕರು ತೀರ್ಪಿತ್ತದ್ದು ವಿಧಿಯ ವಿನೋದವೆನ್ನಬೇಕು. ಆಗಲೇ ಸಂಸಾರ ಹೂಡಿದ್ದ ಯುವಕ ಕಟ್ಟಡ ಕೆಲಸಕ್ಕೆ ಸೇರಿದನು. ಹಗಲೆಲ್ಲ ದುಡಿದು, ಬಿಡುವಿನ ವೇಳೆಯಲ್ಲಿ ಬ್ಲೂಮ್‌ಫೀಲ್ಡ್ ರ್‍ಯಾಮ್ಸ್ ಎಂಬ ಬಡಾವಣೆಯ ತಂಡಕ್ಕಾಗಿ, ಹುಲ್ಲು ಕಾಣದ ಮೈದಾನದಲ್ಲಿ, ಪಂದ್ಯವೊಂದಕ್ಕೆ ಆರು ಡಾಲರಿನಂತೆ ಆಡಿದನು.

ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ತರಬೇತುದಾರ ವೀಬ್ ಯೂಬ್ಯಾಂಕ್ ಆತನನ್ನು ಕರೆದು ಪರೀಕ್ಷಿಸಿ, ಮೀಸಲು ಆಟಗಾರನನ್ನಾಗಿ ಇಟ್ಟುಕೊಂಡನು. 1956ರ ನಾಲ್ಕನೆಯ ಪಂದ್ಯದಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಷಾನ ಕಾಲಿಗೆ ಪೆಟ್ಟು ಬಿದ್ದು, ಚಿಕಾಗೊ ಬೇರ್ಸ್ ತಂಡದ ಎದುರು ಯುನೈಟಸ್ ಕಣಕ್ಕಿಳಿಯಬೇಕಾಯಿತು. ಆತನ ಮೊಟ್ಟಮೊದಲ ಎಸೆತವನ್ನೇ ಎದುರಾಳಿ ನಡುವೆ ಹಿಡಿದು, ಹಾಗೆಯೇ ಓಡಿಹೋಗಿ ಟಚ್‌ಡೌನ್ ಗಳಿಸಿದನು. ಕೋಲ್ಟ್ಸ್ 58–27ರಿಂದ ಸೋತಿತು. ಇಷ್ಟು ಹೀನಾಯವಾದ ಆರಂಭದ ತರುವಾಯ ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲಾದ ಒಂದು ಸರಣಿ 1960ರ ಡಿಸೆಂಬರಿನವರೆಗೆ ಮುರಿಯದೆ ನಡೆಯಿತು: ಸತತವಾಗಿ 47 ಪಂದ್ಯಗಳಲ್ಲಿ, ಪಂದ್ಯಕ್ಕೆ ಒಂದಾದರೂ ಟಚ್‌ಡೌನ್ ಎಸೆತ. ಆ ದಾಖಲೆಯನ್ನು 2012ರಲ್ಲಿ ಡ್ರೂ ಬ್ರೀಸ್ ಮೀರುವವರೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರಿಂದಲೂ ದಾಟಲಾಗಲಿಲ್ಲ.

ಈ ಯಶಸ್ಸಿನ ಗುಟ್ಟು ಬರಿಯ ತೋಳ್ಬಲದಲ್ಲಿರಲಿಲ್ಲ. ಎಸೆತಗಳನ್ನು ಹಿಡಿಯುತ್ತಿದ್ದ ರೇಮಂಡ್ ಬೆರಿ ಎಂಬ ಸಂಗಡಿಗ ಕಣ್ಣಿನ ದೃಷ್ಟಿ ಮಂದವಾದವನು, ವೇಗದಲ್ಲಿ ಸಾಮಾನ್ಯನು. ಇಪ್ಪತ್ತನೆಯ ಸುತ್ತಿನಲ್ಲಿ ಆಯ್ಕೆಯಾದವನು. ಯಾರಿಗೂ ಬೇಡವಾಗಿದ್ದ ಈ ಇಬ್ಬರೂ ದಿನದ ಅಭ್ಯಾಸ ಮುಗಿದು ಉಳಿದವರೆಲ್ಲ ಹೊರಟುಹೋದ ಮೇಲೆ ಮೈದಾನದಲ್ಲೇ ಉಳಿದು, ಒಂದೇ ಓಟವನ್ನು, ಒಂದೇ ಎಸೆತವನ್ನು ಮತ್ತೆ ಮತ್ತೆ ಸಾಧಿಸುತ್ತಿದ್ದರು. ಬೆರಿ ತಿರುಗಿ ನೋಡುವಷ್ಟರಲ್ಲಿ ಚೆಂಡು ಆಗಲೇ ಗಾಳಿಯಲ್ಲಿರಬೇಕು. ಎಂದರೆ ಯುನೈಟಸ್ ಎಸೆಯುತ್ತಿದ್ದುದು ಮನುಷ್ಯನಿಗಲ್ಲ, ಆ ಮನುಷ್ಯ ಇನ್ನೇನು ಬಂದು ನಿಲ್ಲಲಿರುವ ಜಾಗಕ್ಕೆ.

ಈ ಸಾಧನೆಯ ಫಲ ಪ್ರಕಟವಾದದ್ದು 1958ರ ಡಿಸೆಂಬರ್ 28ರಂದು, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ. ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಅಂತಿಮ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ 17–14ರಿಂದ ಮುಂದಿತ್ತು. ಆಟ ಮುಗಿಯುವುದಕ್ಕೆ ಎರಡು ನಿಮಿಷವೂ ಉಳಿದಿರಲಿಲ್ಲ. ಕೋಲ್ಟ್ಸ್ ತಂಡದ ಕೈಯಲ್ಲಿ ಚೆಂಡಿತ್ತಾದರೂ ಎದುರಾಳಿಯ ಅಂತ್ಯವಲಯ 86 ಗಜ ದೂರವಿತ್ತು. ಲೆನ್ನಿ ಮೂರ್‌ಗೆ ಹನ್ನೊಂದು ಗಜದ ಎಸೆತವೊಂದು ಸಂದ ಮೇಲೆ, ಅನಂತರದ ಒಂದು ಯತ್ನದಲ್ಲಿ ಜೈಂಟ್ಸ್ ತಂಡದ ಹಾರ್ಲೆಂಡ್ ಸ್ವಾರೆ ತನ್ನ ಜಾಗವನ್ನು ಬಿಟ್ಟು ಬಂದು ಬೆರಿಯ ಮೂಗಿನೆದುರೇ ನಿಂತನು. ಹೇಳಿಕೊಂಡಿದ್ದ ಯೋಜನೆ ಇನ್ನು ನಡೆಯುವಂತಿರಲಿಲ್ಲ. ಮಾತಾಡಿಕೊಳ್ಳುವುದಕ್ಕೆ ಸಮಯವೂ ಇರಲಿಲ್ಲ. ಆದರೆ ಎಂದಾದರೊಮ್ಮೆ ಎದುರಾಳಿ ಹೀಗೆ ಬಂದು ನಿಂತರೆ ಏನು ಮಾಡಬೇಕೆಂಬುದನ್ನು ಆ ಇಬ್ಬರೂ ಬಹಳ ಹಿಂದೆಯೇ ಮಾತಾಡಿಕೊಂಡಿದ್ದರು. ಬೆರಿ ಯುನೈಟಸ್‌ನತ್ತ ನೋಡಿದನು, ಯುನೈಟಸ್ ಬೆರಿಯತ್ತ ನೋಡಿದನು, ಅಷ್ಟೇ. ಬೆರಿ ಹೊರಕ್ಕೆ ಹೋಗುವವನಂತೆ ನಟಿಸಿ ಸರಕ್ಕನೆ ಒಳಕ್ಕೆ ಓರೆಯಾಗಿ ನುಗ್ಗಿದನು, ಚೆಂಡು ಅಲ್ಲಿಗೆ ಬಂದಿತ್ತು, 25 ಗಜ. ಮತ್ತೆ ಬೆರಿಗೇ 15 ಗಜ, ಮತ್ತೊಮ್ಮೆ 22 ಗಜ. ಏಳು ಸೆಕೆಂಡು ಉಳಿದಿರುವಾಗ ಸ್ಟೀವ್ ಮೈರಾ ಒದ್ದ ಫೀಲ್ಡ್ ಗೋಲಿನಿಂದ ಪಂದ್ಯ 17–17ರಲ್ಲಿ ಸಮನಾಯಿತು.

ಲೀಗ್‌ನ ಅಂತಿಮ ಪಂದ್ಯವೊಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಯಾರು ಮೊದಲು ಅಂಕ ಗಳಿಸುವರೋ ಅವರೇ ವಿಜಯಿಗಳು ಎಂಬ ನಿಯಮವು ಆಟಗಾರರಲ್ಲಿಯೇ ಹಲವರಿಗೆ ಹೊಸದಾಗಿತ್ತು. ಜೈಂಟ್ಸ್ ತಂಡದ ಯತ್ನ ನಿಷ್ಫಲವಾಗಿ, ಕೋಲ್ಟ್ಸ್ ತನ್ನ 20 ಗಜದ ಗೆರೆಯಿಂದ ಹೊರಟಿತು. ಬೆರಿಯ ಭಯದಿಂದ ಎದುರಾಳಿಗಳ ನಡುಗಾವಲಿನ ಸ್ಯಾಮ್ ಹಫ್ ಹಿಂದೆ ಹಿಂದೆ ಸರಿಯುತ್ತಿರುವುದನ್ನು ಗಮನಿಸಿದ ಯುನೈಟಸ್, ಎಲ್ಲರೂ ಎಸೆತವನ್ನೇ ಕಾಯುತ್ತಿದ್ದಾಗ, ಹಫ್ ಬಿಟ್ಟುಹೋದ ನಟ್ಟನಡುವೆಯೇ ಅಲನ್ ಅಮೀಚಿಯನ್ನು ಓಡಿಸಿ ಇಪ್ಪತ್ತಕ್ಕೂ ಹೆಚ್ಚು ಗಜ ಗಳಿಸಿದನು. ಗುರಿ ಹತ್ತು ಗಜದೊಳಕ್ಕೆ ಬಂದಾಗ ಸುಮ್ಮನೆ ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಸಾಕಾಗಿತ್ತು. ಎಲ್ಲರೂ ಓಟವನ್ನು ನಿರೀಕ್ಷಿಸುತ್ತಿರುವಾಗ ಆತನು ಅಂಗಣದ ಅಂಚಿಗೆ, ಜಿಮ್ ಮಚೆಲರ್‌ನ ಕೈಗೆ ಎಸೆದನು. ಚೆಂಡು ಎದುರಾಳಿಯ ಪಾಲಾಗಿದ್ದರೆ ಏನು ಗತಿಯೆಂದು ಆಮೇಲೆ ಕೇಳಿದವರಿಗೆ, ಮಾಡುತ್ತಿರುವುದೇನೆಂದು ಬಲ್ಲವನ ಎಸೆತ ಅನ್ಯರ ಕೈಸೇರದು ಎಂಬ ಅರ್ಥದ ಉತ್ತರವಿತ್ತನು. ಮರುಯತ್ನದಲ್ಲಿ ಅಮೀಚಿ ಉಳಿದಿದ್ದ ಒಂದು ಗಜವನ್ನು ನುಗ್ಗಿ ದಾಟಿದನು. ಬಾಲ್ಟಿಮೋರ್ 23–17ರಿಂದ ಗೆದ್ದಿತು. ಆ ದಿನ ಬೆರಿ ಹಿಡಿದ ಎಸೆತಗಳು ಹನ್ನೆರಡು.

ಸುಮಾರು ನಾಲ್ಕೂವರೆ ಕೋಟಿ ಜನ ದೂರದರ್ಶನದಲ್ಲಿ ನೋಡಿದರೆಂದು ಅಂದಾಜು ಮಾಡಲಾದ ಆ ಪಂದ್ಯದಿಂದ, ಈ ಆಟಕ್ಕೂ ದೂರದರ್ಶನಕ್ಕೂ ಗಟ್ಟಿಯಾದ ನಂಟು ಬೆಳೆಯಿತು. ಟೆಕ್ಸಸ್‌ನ ಲಮಾರ್ ಹಂಟ್ ಎಂಬ ಧನಿಕ ಇದರಲ್ಲಿರುವ ಭವಿಷ್ಯವನ್ನು ಕಂಡು ಸ್ಪರ್ಧಿ ಲೀಗೊಂದನ್ನು ಕಟ್ಟಲು ಮುಂದಾದನು. ಆ ಪೈಪೋಟಿಯಿಂದಲೇ ಕೊನೆಗೆ ಸೂಪರ್ ಬೌಲ್ ಎಂಬ ಮಹಾಪಂದ್ಯ ಹುಟ್ಟಿಕೊಂಡಿತು. ತೀರ ಮೊಟಕಾಗಿ ಕತ್ತರಿಸಿದ ತಲೆಗೂದಲು, ಎಲ್ಲರೂ ತ್ಯಜಿಸಿದ ಮೇಲೂ ತಾನು ಬಿಡದ ಎತ್ತರದ ಕರಿಯ ಬೂಟು, ಬೆನ್ನ ಮೇಲೆ 19ರ ಅಂಕಿ: ಈ ರೂಪ ಬಾಲ್ಟಿಮೋರಿನ ದುಡಿಮೆಗಾರರಿಗೆ ತಮ್ಮದೇ ಮನೆಯವನ ರೂಪವಾಗಿ ಕಂಡಿತು.

1959ರಲ್ಲಿ ಕೋಲ್ಟ್ಸ್ ಮತ್ತೆ ಜೈಂಟ್ಸ್‌ನ್ನೇ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡಿತು. 1959, 1964, 1967ರಲ್ಲಿ ಯುನೈಟಸ್ ವರ್ಷದ ಅತ್ಯಮೂಲ್ಯ ಆಟಗಾರನೆನಿಸಿದನು. ಆದರೆ 1968ರಲ್ಲಿ ಮೊಣಕೈ ಕೆಟ್ಟು, ಋತುವಿನ ಬಹುಭಾಗ ಹೊರಗುಳಿಯಬೇಕಾಯಿತು. ಆ ಋತುವಿನ ಸೂಪರ್ ಬೌಲಿನಲ್ಲಿ, ತಂಡ ಸೋಲುತ್ತಿರುವಾಗ ತಡವಾಗಿ ಕಣಕ್ಕಿಳಿದು ಏಕೈಕ ಟಚ್‌ಡೌನಿಗೆ ಕಾರಣನಾದರೂ, ನ್ಯೂಯಾರ್ಕ್ ಜೆಟ್ಸ್ 16–7ರಿಂದ ಗೆದ್ದಿತು. ಆಗ ಜೆಟ್ಸ್‌ನ ತರಬೇತುದಾರನಾಗಿದ್ದವನು ಹಿಂದೆ ಯುನೈಟಸ್‌ನನ್ನು ಎತ್ತಿ ನಿಲ್ಲಿಸಿದ ಅದೇ ಯೂಬ್ಯಾಂಕ್. 1971ರ ಜನವರಿಯಲ್ಲಿ ಡಲ್ಲಸ್ ತಂಡದ ಎದುರು ಸೂಪರ್ ಬೌಲ್ ಗೆಲವು ದೊರೆತಾಗಲೂ ಆತನು ಗಾಯಗೊಂಡು ಪಂದ್ಯದ ನಡುವೆಯೇ ಹೊರಬಂದಿದ್ದನು. 1973ರಲ್ಲಿ ಸ್ಯಾನ್ ಡಿಯಾಗೊ ತಂಡಕ್ಕೆ ಮಾರಾಟವಾಗಿ, ಮರುವರ್ಷ ನಿವೃತ್ತನಾದನು. 1984ರ ಮಾರ್ಚಿ ತಿಂಗಳಲ್ಲಿ ಕೋಲ್ಟ್ಸ್ ತಂಡದ ಒಡೆಯ ರಾತ್ರೋರಾತ್ರಿ ಸಾಮಾನು ಕಟ್ಟಿಸಿ ತಂಡವನ್ನೇ ಇಂಡಿಯಾನಾಪೊಲಿಸ್‌ಗೆ ಒಯ್ದಾಗ, ಆ ಹೊಸ ಊರಿನ ತಂಡದೊಡನೆ ತನಗೆ ಸಂಬಂಧವಿಲ್ಲವೆಂದು ಸಾರಿ, ಯುನೈಟಸ್ ಬಾಲ್ಟಿಮೋರಿನವನಾಗಿಯೇ ಉಳಿದನು.

ಆಟ ಆತನ ದೇಹದಿಂದ ತನ್ನ ಸುಂಕವನ್ನು ವಸೂಲು ಮಾಡದೆ ಬಿಡಲಿಲ್ಲ. ಮುಪ್ಪಿನಲ್ಲಿ, ಚೆಂಡನ್ನು ಅಷ್ಟು ನಿಖರವಾಗಿ ಎಸೆದ ಆ ಬಲಗೈಯ ಬೆರಳುಗಳು ಸ್ವಾಧೀನ ತಪ್ಪಿ, ಗಾಲ್ಫ್ ಆಡಬೇಕಾದರೆ ಕೈಯನ್ನು ಕೋಲಿಗೆ ಪಟ್ಟಿಯಿಂದ ಬಿಗಿದುಕೊಳ್ಳಬೇಕಾಗಿತ್ತು. 2002ರ ಸೆಪ್ಟೆಂಬರ್ 11ರಂದು, ವ್ಯಾಯಾಮ ಮಾಡುತ್ತಿರುವಾಗಲೇ ಹೃದಯಾಘಾತದಿಂದ ಆತನು ತೀರಿಕೊಂಡನು.

ಒಟ್ಟು 40,239 ಗಜ, 290 ಟಚ್‌ಡೌನ್ ಎಸೆತ, ಎದುರಾಳಿಯ ಪಾಲಾದ 253 ಎಸೆತ: ಇದು ಆತನ ವೃತ್ತಿಯ ಲೆಕ್ಕ. ಇತ್ತೀಚಿನ ಕಾಲದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಎಸೆದ 649 ಟಚ್‌ಡೌನುಗಳ, ಕಳೆದುಕೊಂಡ ಕೇವಲ 212 ಎಸೆತಗಳ ಪಕ್ಕದಲ್ಲಿಟ್ಟರೆ ಈ ಲೆಕ್ಕ ಸಾಧಾರಣವೆನಿಸಬಹುದು. ಆದರೆ 1978ರ ನಿಯಮಗಳು ಚೆಂಡು ಹಿಡಿಯಲು ಓಡುವವನನ್ನು ಐದು ಗಜದಾಚೆ ಕೈಹಾಕಿ ತಡೆಯಬಾರದೆಂದು ವಿಧಿಸಿ ಎಸೆತವನ್ನು ಸುಲಭಗೊಳಿಸಿದುವು. 1994ರಿಂದೀಚೆಗೆ ತರಬೇತುದಾರನ ಧ್ವನಿ ಕ್ವಾರ್ಟರ್‌ಬ್ಯಾಕಿನ ಶಿರಸ್ತ್ರಾಣದೊಳಗೇ ಕೇಳಿಸುತ್ತದೆ. ಇಂದಿನವನಿಗೂ ಆ ಮೂರು ಸೆಕೆಂಡುಗಳ ವಿವೇಕ ಬೇಕೇಬೇಕು. ಆದರೆ ಏನನ್ನು ಆಡಬೇಕೆಂಬುದನ್ನು ಹಲವು ತಲೆಗಳು ಕೂಡಿ ಆಲೋಚಿಸಿ ಅವನಿಗೆ ತಿಳಿಸುತ್ತವೆ, ತಪ್ಪಾದಾಗ ನಿಂದೆಯೂ ಹಲವರಿಗೆ ಹಂಚಿಹೋಗುತ್ತದೆ. ಯುನೈಟಸ್‌ನಿಗೆ ಅಂಥ ಆಶ್ರಯವಿರಲಿಲ್ಲ. ಆ 290 ಎಷ್ಟರಮಟ್ಟಿಗೆ ಅವನವೋ ಆ 253 ಕೂಡ ಅಷ್ಟೇ ಅವನವು; ಮೊದಲ ಎಸೆತವೇ ಪರರ ಪಾಲಾದ ಮೇಲೂ ಎರಡನೆಯದನ್ನು ಎಸೆಯುವ ಎದೆಗಾರಿಕೆ ಇಲ್ಲದಿದ್ದರೆ ಯಾಂಕೀ ಕ್ರೀಡಾಂಗಣದ ಗೆಲವು ಸಾಧ್ಯವಾಗುತ್ತಿರಲಿಲ್ಲ. ಆದುದರಿಂದ ಆತನ ದಾಖಲೆಗಳು ಒಂದೊಂದಾಗಿ ಮುರಿದುಹೋದುದರಿಂದ ಆತನ ಸ್ಥಾನಕ್ಕೆ ಕುಂದು ಬಂದಿಲ್ಲ. ಮುರಿದವರು ಆಡಿದ್ದು ಹೊಣೆಯನ್ನು ಹಂಚಿಕೊಂಡ ಆಟವನ್ನು, ಆತನು ಆಡಿದ್ದು ಅದನ್ನು ಒಬ್ಬನೇ ಹೊತ್ತ ಆಟವನ್ನು.