ಗಲ್ಲಾದ ಹೊಸ ಲ್ಯಾಪ್‌ಟಾಪಿಗೆ ವೈಫೈ ನಿಲ್ಲುತ್ತಿಲ್ಲವೇ?



ನಮ್ಮ ಹೋಟೆಲುಗಳ ಗಲ್ಲಾದ ಮೇಲೆ ಮೊದಲು ಇದ್ದದ್ದು ಬಿಲ್ ಪುಸ್ತಕ, ಕಾರ್ಬನ್ ಕಾಗದ, ತಂತಿಗೆ ಚುಚ್ಚಿಟ್ಟ ಚೀಟಿಗಳು. ಈಗ ಬಿಲ್ಲು, ಜಿಎಸ್‌ಟಿ ಲೆಕ್ಕ, ಕಿಚನ್ನಿಗೆ ಹೋಗುವ ಕೆಒಟಿ, ಆನ್‌ಲೈನ್ ಪಾರ್ಸೆಲ್ ಆರ್ಡರು ಎಲ್ಲವೂ ಒಂದು ಲ್ಯಾಪ್‌ಟಾಪಿಗೆ ಬಂದು ಕೂತಿವೆ. ಆ ಲ್ಯಾಪ್‌ಟಾಪು ನಂಬಿಕೊಂಡಿರುವುದು ವೈಫೈಯನ್ನು. ಮಧ್ಯಾಹ್ನದ ಊಟದ ಗದ್ದಲದಲ್ಲಿ ಅದು ಐದು ನಿಮಿಷ ಹೋದರೂ ಆರ್ಡರು ಬಂದದ್ದು ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಸ್ವೀಕರಿಸದ ಆರ್ಡರು ರದ್ದಾಗುತ್ತದೆ, ಗಿರಾಕಿ ಪಕ್ಕದ ಹೋಟೆಲಿನ ಪಾಲಾಗುತ್ತಾನೆ.

ಈ ವಿಷಯ ಈಗ ಬರೆಯಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಬೆಂಬಲ ನಿಂತಿತು. ಹಾಗಾಗಿ ನಮ್ಮವರಲ್ಲಿ ಅನೇಕರು ಹಳೆಯದನ್ನು ಬದಿಗಿಟ್ಟು ಹೊಸ ಲ್ಯಾಪ್‌ಟಾಪು ತಂದರು. ತಂದ ವಾರದಲ್ಲೇ ಕೆಲವರದ್ದು ಒಂದೇ ದೂರು: "ಹೊಸದು, ಆದರೂ ವೈಫೈ ಹೋಗ್ತಾ ಬರ್ತಾ ಇದೆ ಮಾರಾಯರೇ." ನಮ್ಮ ಹೋಟೆಲಿನಲ್ಲೂ ಹಾಗೇ ಆಯಿತು. ನಾನು ಎಸ್ಸೆಸ್ಸೆಲ್ಸಿ ಓದಿದವ, ಕಂಪ್ಯೂಟರ್ ಪಂಡಿತನಲ್ಲ. ಆದರೆ ದೋಸೆ ಕಾವಲಿಗೆ ಹಿಡಿದರೆ ತಪ್ಪು ಹಿಟ್ಟಿನದ್ದೋ, ಕಾವಲಿಯದ್ದೋ, ಬೆಂಕಿಯದ್ದೋ ಎಂದು ನಾವು ಒಂದೊಂದಾಗಿ ನೋಡುತ್ತೇವಲ್ಲ, ಇದನ್ನೂ ಹಾಗೆಯೇ ನೋಡಬಹುದು.

ಮೊದಲು ತಪ್ಪು ಯಾರದ್ದೆಂದು ನೋಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದು. ವೈಫೈ ಹೋದ ಕ್ಷಣ ನಿಮ್ಮ ಮೊಬೈಲಿನ ಡೇಟಾ ಬಂದ್ ಮಾಡಿ, ಅದೇ ವೈಫೈಗೆ ಹಾಕಿ ನೋಡಿ. ಮೊಬೈಲಿನಲ್ಲೂ ಇಂಟರ್ನೆಟ್ ಇಲ್ಲವೆಂದರೆ ದೋಷ ರೌಟರಿನದ್ದು ಅಥವಾ ಲೈನಿನದ್ದು, ಲ್ಯಾಪ್‌ಟಾಪನ್ನು ಬಿಟ್ಟುಬಿಡಿ. ಮೊಬೈಲಿನಲ್ಲಿ ಸರಿಯಾಗಿ ಬರುತ್ತಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲವೆಂದರೆ ಲ್ಯಾಪ್‌ಟಾಪನ್ನು ಅಥವಾ ಅದನ್ನಿಟ್ಟ ಜಾಗವನ್ನು ಸಂಶಯಿಸಬೇಕು. ಆಗ ಮೊಬೈಲಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪು ಜೋಡಿಸಿ ಒಂದು ದಿನ ಕೆಲಸ ಮಾಡಿ. ರಾತ್ರಿ ಮನೆಗೊಯ್ದು ಮನೆಯ ವೈಫೈಯಲ್ಲೂ ನೋಡಿ. ಎಲ್ಲಿ ಹೋದರೂ ತಪ್ಪುತ್ತದೆಂದರೆ ಲ್ಯಾಪ್‌ಟಾಪಿನ ದೋಷ. ಹೋಟೆಲಿನಲ್ಲಿ ಮಾತ್ರವೆಂದರೆ ಹೋಟೆಲಿನ ದೋಷ.

ಇದರ ಜೊತೆಗೆ ಒಂದು ಡೈರಿ ಇಡಿ. ಎಷ್ಟು ಗಂಟೆಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಆಗ ಏನೇನು ನಡೆಯುತ್ತಿತ್ತು, ಇಷ್ಟೇ ಸಾಕು. ನಮ್ಮಲ್ಲಿ ಎಂಟು ದಿನ ಬರೆದಾಗ ಎರಡು ಹೊತ್ತು ಎದ್ದು ಕಂಡವು. ಒಂದು, ಮಧ್ಯಾಹ್ನ ಒಂದರಿಂದ ಎರಡೂವರೆ, ಊಟದ ಗದ್ದಲದ ಸಮಯ. ಇನ್ನೊಂದು, ಮೂರೂವರೆಯ ನಂತರ, ಗಲ್ಲಾದಲ್ಲಿ ಯಾರೂ ಇಲ್ಲದ ಸಮಯ. ಅಂದರೆ ರೋಗ ಒಂದಲ್ಲ, ಎರಡು.

ಕೆಲಸವಿಲ್ಲದಾಗ ಹೋಗುವ ವೈಫೈ

ಹೊಸ ಲ್ಯಾಪ್‌ಟಾಪುಗಳು ಬ್ಯಾಟರಿ ಉಳಿಸುವುದರಲ್ಲಿ ಜಿಪುಣ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ವೈಫೈ ಕಾರ್ಡನ್ನು ಮಲಗಿಸುತ್ತವೆ. ಮನೆಯಲ್ಲಿ ಇದು ಒಳ್ಳೆಯದೇ, ಗಲ್ಲಾದಲ್ಲಿ ಅಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಕೆಳಗೆ ವೈಫೈ ಕಾರ್ಡಿನ ಹೆಸರು ಇರುತ್ತದೆ. ಅದರ 'ಪ್ರಾಪರ್ಟೀಸ್'ನಲ್ಲಿ 'ಪವರ್ ಮ್ಯಾನೇಜ್‌ಮೆಂಟ್' ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬ ಸಾಲಿನ ಟಿಕ್ ಗುರುತು ತೆಗೆಯಿರಿ. ಕೆಲವು ಹೊಸ ಮಾಡೆಲುಗಳಲ್ಲಿ ಈ ಪುಟವೇ ಇರುವುದಿಲ್ಲ. ಪುಟ ಇರಲಿ, ಇಲ್ಲದಿರಲಿ, 'ಸೆಟ್ಟಿಂಗ್ಸ್', 'ಸಿಸ್ಟಮ್', 'ಪವರ್' ಎಂಬಲ್ಲಿ ಪ್ಲಗ್ ಹಾಕಿರುವಾಗ 'ಸ್ಲೀಪ್' ಆಗುವುದನ್ನು 'ನೆವರ್' ಮಾಡಿ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೂ ಅದು ಮಲಗುತ್ತದೆ ಎಂಬುದನ್ನು ಹುಡುಗರಿಗೆ ಹೇಳಿಡಿ.

ಇಷ್ಟಕ್ಕೂ ಸರಿಯಾಗದಿದ್ದರೆ ವೈಫೈ ಕಾರ್ಡಿನ ಡ್ರೈವರ್ ಹೊಸದಾಗಿ ಹಾಕಬೇಕು. ಅದನ್ನು ಲ್ಯಾಪ್‌ಟಾಪು ಮಾಡಿದ ಕಂಪೆನಿಯದೇ ಸೈಟಿನಿಂದ, ನಿಮ್ಮ ಮಾಡೆಲ್ ನಂಬರ್ ಕೊಟ್ಟು ಇಳಿಸಿಕೊಳ್ಳಿ. ಸಿಕ್ಕಸಿಕ್ಕಲ್ಲಿಂದ ಇಳಿಸಿದರೆ ವೈರಸ್ಸನ್ನೂ ಮನೆಗೆ ಕರೆದಂತೆ. ಕೊನೆಯ ಮದ್ದು 'ನೆಟ್‌ವರ್ಕ್ ರೀಸೆಟ್'. ಅದನ್ನು ಮಾಡಿದರೆ ವೈಫೈ ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಗದ್ದಲದಲ್ಲಿ ಹೋಗುವ ವೈಫೈ

ಇದು ನಮ್ಮ ಹೋಟೆಲಿನವರಿಗೇ ಹೆಚ್ಚು ಬರುವ ರೋಗ. ವೈಫೈ ಸಾಮಾನ್ಯವಾಗಿ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಅಲ್ಲೇ, 2.45 ಗಿಗಾಹರ್ಟ್ಸ್‌ನಲ್ಲಿ. ಓವನ್ನಿನದ್ದು ನೂರಾರು ವ್ಯಾಟಿನ ಶಕ್ತಿ, ರೌಟರಿನದ್ದು ಒಂದು ವ್ಯಾಟಿನ ಹತ್ತನೇ ಒಂದು ಭಾಗದಷ್ಟು. ಓವನ್ನಿನ ಬಾಗಿಲ ಸಂದಿಯಿಂದ ಹೊರಬರುವ ಅಲ್ಪಸ್ವಲ್ಪ ಅಲೆ ನಮಗೆ ಅಪಾಯವಲ್ಲ, ಆದರೆ ವೈಫೈಯ ದನಿ ಅಡಗಿಸಲು ಅಷ್ಟು ಸಾಕು. ನಾದಸ್ವರದ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ. ನಮ್ಮಲ್ಲಿ ಊಟದ ಹೊತ್ತಿಗೆ ಓವನ್ನು ಬಿಡುವಿಲ್ಲದೆ ಓಡುತ್ತಿತ್ತು, ಗಲ್ಲಾದಿಂದ ನಾಲ್ಕು ಅಡಿ ದೂರದಲ್ಲಿ.

ರೌಟರನ್ನು ಫ್ರಿಜ್ಜಿನ ಹಿಂದೆ, ಸ್ಟೀಲ್ ಕಪಾಟಿನೊಳಗೆ ಇಡುವ ಅಭ್ಯಾಸವೂ ನಮ್ಮಲ್ಲಿದೆ. ಸ್ಟೀಲು ವೈಫೈಯನ್ನು ತಡೆಯುತ್ತದೆ, ನೀರು ಹೀರುತ್ತದೆ. ಎತ್ತರದಲ್ಲಿ, ಗೋಡೆಯ ಮೇಲೆ, ಗಲ್ಲಾಕ್ಕೆ ನೇರ ಕಾಣುವಂತೆ ಹಾಕಿಸಿ.

ಇಂದಿನ ಹೆಚ್ಚಿನ ರೌಟರುಗಳಲ್ಲಿ 5 ಗಿಗಾಹರ್ಟ್ಸ್‌ನ ಇನ್ನೊಂದು ದಾರಿಯೂ ಇರುತ್ತದೆ. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಓವನ್ನಿನ ಕಾಟವಿಲ್ಲ, ಆದರೆ ಇದು ದೂರ ಹೋಗುವುದಿಲ್ಲ, ಗೋಡೆ ದಾಟುವುದು ಕಷ್ಟ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಲ್ಯಾಪ್‌ಟಾಪನ್ನು 5ಕ್ಕೆ ಕಟ್ಟಿಹಾಕಿ. 2.4 ಬಂದ್ ಮಾಡಬೇಡಿ. ಕಿಚನ್ನಿನ ಕೆಒಟಿ ಪ್ರಿಂಟರು ವೈಫೈಯದ್ದಾದರೆ ಅನೇಕ ವೇಳೆ ಅದಕ್ಕೆ 2.4 ಮಾತ್ರ ಗೊತ್ತು. ಮುಂಬಯಿಯಂಥ ಊರಲ್ಲಿ ಅಕ್ಕಪಕ್ಕದ ಅಂಗಡಿ, ಮೇಲಿನ ಮನೆಗಳ ವೈಫೈಯೂ ಅದೇ 2.4ರಲ್ಲಿ ನುಗ್ಗಾಡುತ್ತದೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11. ಇವುಗಳಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಲು ಲೈನಿನವರಿಗೆ ಹೇಳಿ.

ಇನ್ನೆರಡು ಮಾತು. ಗಿರಾಕಿಗಳಿಗೆ ವೈಫೈ ಕೊಡುವವರು 'ಗೆಸ್ಟ್' ಎಂದು ಬೇರೆಯೇ ಮಾಡಿಕೊಡಿ. ಮನೆಬಳಕೆಯ ಸಣ್ಣ ರೌಟರಿಗೆ ನಲವತ್ತು ಮೊಬೈಲು ನೇತುಬಿದ್ದರೆ ಅದು ಸೋಲುತ್ತದೆ, ಬಿಲ್ಲಿಂಗ್ ಇರುವ ಲೈನನ್ನು ಅಪರಿಚಿತರಿಗೆ ತೆರೆದಿಡುವುದೂ ಸರಿಯಲ್ಲ. ಎರಡನೆಯದು, ರೌಟರಿಗೆ ಒಂದು ಸಣ್ಣ ಯುಪಿಎಸ್. ಕರೆಂಟು ಕ್ಷಣ ಕಣ್ಣು ಮುಚ್ಚಿದರೂ, ಗ್ರೈಂಡರ್ ಹಾಕಿದಾಗ ವೋಲ್ಟೇಜ್ ಇಳಿದರೂ ರೌಟರು ಬಂದಾಗಿ ಮತ್ತೆ ಏಳಲು ಒಂದೆರಡು ನಿಮಿಷ ಬೇಕು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಉರಿಯುತ್ತಲೇ ಇರುವುದರಿಂದ ಕರೆಂಟು ಹೋದದ್ದೇ ಗಮನಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಉಪಾಯ ತಂತಿ

ಗಲ್ಲಾದ ಲ್ಯಾಪ್‌ಟಾಪು ಊರು ತಿರುಗುವುದಿಲ್ಲ. ಮತ್ತೆ ಅದಕ್ಕೆ ವೈಫೈ ಯಾಕೆ? ರೌಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ಆರಾಮವಾಗಿ ಓಡುತ್ತದೆ. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲ, ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಕೇಬಲನ್ನು ಪೈಪಿನೊಳಗೆ ಹಾಕಿಸಿ, ಇಲಿಗಳಿಗೆ ಅದೂ ತಿಂಡಿಯೇ. ನಾವು ಕೊನೆಗೆ ಮಾಡಿದ್ದು ಇದನ್ನೇ, ವೈಫೈ ಈಗ ಎರಡನೇ ದಾರಿಯಾಗಿ ಮಾತ್ರ ಇದೆ.

ಲ್ಯಾಪ್‌ಟಾಪಿನದೇ ದೋಷವೆಂದು ಖಚಿತವಾದರೆ ತಡಮಾಡಬೇಡಿ. ಬದಲಿಸಿಕೊಡುವ ಅವಧಿ ಕೆಲವೇ ದಿನ ಇರುತ್ತದೆ. ಬಿಲ್ಲು, ಡಬ್ಬಿ, ಡೈರಿ ಮೂರನ್ನೂ ಹಿಡಿದು ಹೋಗಿ. ಮನೆಯಲ್ಲಿ, ಹಾಟ್‌ಸ್ಪಾಟಿನಲ್ಲಿ, ಹೋಟೆಲಿನಲ್ಲಿ ಮೂರೂ ಕಡೆ ಹೋಯಿತೆಂದು ತಾರೀಕು ಸಹಿತ ತೋರಿಸಿದರೆ "ನಿಮ್ಮ ನೆಟ್ಟೇ ಸರಿಯಿಲ್ಲ" ಎಂದು ಸಾಗಹಾಕಲು ಆಗುವುದಿಲ್ಲ. ಕೊಡುವ ಮೊದಲು ಬಿಲ್ಲಿಂಗ್ ಲೆಕ್ಕದ ನಕಲು ತೆಗೆದಿಡಿ.

ಹುಡುಗರ ಮೇಲೆ ಹಾಕಬೇಡಿ

ನಮ್ಮ ಮಿತ್ರರೊಬ್ಬರ ಹೋಟೆಲಿನಲ್ಲಿ ದಿನಕ್ಕೆ ಮೂರು ನಾಲ್ಕು ಆರ್ಡರು ತಪ್ಪುತ್ತಿದ್ದವು. ಗಲ್ಲಾದಲ್ಲಿ ಕೂರುವ ಕುಂದಾಪುರ ಕಡೆಯ ಹುಡುಗ ಮೊಬೈಲು ನೋಡುತ್ತಾ ಕೂರುತ್ತಾನೆ, ಅವನದೇ ತಪ್ಪು ಎಂದಾಯಿತು. ಲೆಕ್ಕ ತೀರಿಸಿ ಊರಿಗೆ ಕಳಿಸುವ ಮಾತೂ ಬಂತು. ಎರಡು ವರ್ಷ ದುಡಿದ ಹುಡುಗ, ಮನೆಯಲ್ಲಿ ತಂಗಿಯ ಮದುವೆಯ ಸಾಲ. ಡೈರಿ ಬರೆಸಿ ನೋಡಿದರೆ ಅವನ ವಾರದ ರಜೆಯ ದಿನವೂ ಅದೇ ಹೊತ್ತಿಗೆ, ಅಷ್ಟೇ ಆರ್ಡರು ತಪ್ಪಿದ್ದವು. ರೌಟರಿನ ಜಾಗ ಬದಲಿಸಿದ ಮೇಲೆ ದೂರು ನಿಂತಿತು. ಹುಡುಗ ಇವತ್ತೂ ಅಲ್ಲೇ ಇದ್ದಾನೆ, ಈಗ ಬಿಲ್ಲಿಂಗ್ ಪೂರ್ತಿ ಅವನ ಕೈಯಲ್ಲಿದೆ.

ಒಳ್ಳೆಯ ಆಳು ಸಿಗುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಲ್ಯಾಪ್‌ಟಾಪು ಕೆಟ್ಟರೆ ಇನ್ನೊಂದು ತರಬಹುದು. ಮನಸ್ಸು ಮುರಿದು ಹೋದ ಹುಡುಗನನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ಯಾರನ್ನೂ ಬಯ್ಯುವ ಮೊದಲು ಎಂಟು ದಿನ ಡೈರಿ ಬರೆಯಿರಿ, ಆಮೇಲೆ ಒಂದು ಕೇಬಲ್ ಎಳೆಸಿ.