ಶ್ವಾಸಕವಚದ ಶುದ್ಧಿ ಮತ್ತು ಸಂರಕ್ಷಣೆ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಸುತ್ತಣ ಬೆಟ್ಟಗಳು ಕಣಶಿಲೆಯವು. ಈ ಶಿಲೆಯಲ್ಲಿ ಬೆಣಚು, ಎಂದರೆ ಹರಳುರೂಪದ ಸಿಲಿಕಾ, ಹೇರಳವಾಗಿರುವುದು. ಕಲ್ಲನ್ನು ಕೊರೆಯುವಾಗ ಏಳುವ ದೂಳಿನಲ್ಲಿ ದಪ್ಪ ಕಣಗಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲಿಯೇ ನಿಲ್ಲುವುವು. ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಣ್ಣವಾದ, ಕಣ್ಣಿಗೆ ಕಾಣದ ಕಣಗಳೇ ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಕಲೆಯಂತಹ ನಾರನ್ನು ಬೆಳೆಸುವುವು. ಸಿಲಿಕೋಸಿಸ್ ಎಂಬ ಈ ವ್ಯಾಧಿಯನ್ನು ಗುಣಪಡಿಸುವ ಔಷಧವಿಲ್ಲ. ಇದೇ ಸೀಮೆಯ ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಲಾಗಿ, ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಇದು ಕಂಡುಬಂದಿತು. ಆ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಕಲ್ಲಿನ ಕೆಲಸ ನಿಂತಿಲ್ಲ.

ನೀರೆರೆದು ದೂಳೇಳದಂತೆ ಕೊರೆಯುವುದೇ ಮೊದಲನೆಯ ಉಪಾಯ. ಉಸಿರನ್ನು ಸೋಸುವ ಉಪಕರಣವು ಅನಂತರದ್ದು. ಇದಕ್ಕೆ ಮುಖವಾಡವೆಂಬ ಹೆಸರು ರೂಢಿಯಲ್ಲಿದ್ದರೂ, ಆ ಮಾತು ಮರೆಮಾಚುವ ಅರ್ಥವನ್ನು ಕೊಡುವುದರಿಂದ ಇಲ್ಲಿ ಶ್ವಾಸಕವಚವೆಂದು ಕರೆದಿದೆ.

ಶ್ವಾಸಕವಚದಲ್ಲಿ ಎರಡು ಬಗೆ. ಬಟ್ಟೆಯಂತೆ ತೋರುವ ಮೊದಲನೆಯದರ ಎಳೆಗಳು ವಿದ್ಯುದಾವೇಶದಿಂದ ಕಣಗಳನ್ನು ಸೆಳೆದು ಹಿಡಿಯುವುವು. ಸೋಪಿನಿಂದ ತೊಳೆದರೆ ಆ ಶಕ್ತಿ ಕುಗ್ಗುವುದು. ನೋಟಕ್ಕೆ ಶುಭ್ರವಾದುದು ಕಾರ್ಯಕ್ಕೆ ನಿರರ್ಥಕವಾಗುವುದು. ಆದುದರಿಂದ ಇದನ್ನು ತೊಳೆಯದೆ ಬದಲಾಯಿಸತಕ್ಕದ್ದು.

ಎರಡನೆಯದು ರಬ್ಬರಿನದು. ಇದರ ಸೋಸುಕಗಳನ್ನು ಮೊದಲು ಕಳಚಿ ಬೇರೆಯಿಡಬೇಕು. ಅವನ್ನು ತೊಳೆಯಲೂ ಕೂಡದು, ಗಾಳಿಯೂದಿ ಕೊಡಹಲೂ ಕೂಡದು. ಉಳಿದ ಭಾಗಗಳನ್ನು 43 ಡಿಗ್ರಿ ಸೆಂಟಿಗ್ರೇಡಿಗೆ ಮೀರದ ಬೆಚ್ಚನೆಯ ನೀರಿನಲ್ಲಿ, ಮೃದುವಾದ ಸೋಪು ಹಾಕಿ ಉಜ್ಜಿ ತೊಳೆಯತಕ್ಕದ್ದು. ಬಳಿಕ ಲೀಟರು ನೀರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೆರೆಸಿ, ಅದರಲ್ಲಿ 2 ನಿಮಿಷ ಅದ್ದಿಡುವುದರಿಂದ ಕ್ರಿಮಿಗಳು ನಾಶವಾಗುವುವು. ಇದರ ಶೇಷವು ಚರ್ಮವನ್ನು ಕೆರಳಿಸಿ ರಬ್ಬರನ್ನೂ ಕೆಡಿಸುವುದರಿಂದ, ಶುದ್ಧೋದಕದಲ್ಲಿ ಮತ್ತೆ ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಆರಿಸಬೇಕು.

ಉಸಿರು ಹೊರಬೀಳುವ ಕವಾಟವನ್ನು ವಿಶೇಷವಾಗಿ ಪರೀಕ್ಷಿಸಬೇಕು. ಅಲ್ಲಿ ಮರಳಿನ ಒಂದು ಕಣ ಸಿಕ್ಕಿಕೊಂಡರೂ, ಗಾಳಿ ಸೋಸುಕವನ್ನು ಬಿಟ್ಟು ಆ ಸಂದಿಯಿಂದಲೇ ಒಳನುಗ್ಗುವುದು. ಧರಿಸಿದ ಮೇಲೆ ಸೋಸುಕಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲನೆ ಉಸಿರೆಳೆದಾಗ ಕವಚವು ಮುಖಕ್ಕೆ ಅಂಟಿ ನಿಂತರೆ ಸಂದಿಲ್ಲವೆಂದು ತಿಳಿಯಬಹುದು. ಗಡ್ಡವಿದ್ದಲ್ಲಿ ಹೀಗೆ ಅಂಟುವುದಿಲ್ಲ. ಕೆಲಸ ಮುಗಿದ ಬಳಿಕ ಬಂಡೆಯ ಮೇಲೆ ಬಿಸಿಲಿಗೆ ಬಿಡದೆ, ಆಕಾರ ಕೆಡದಂತೆ ಚೀಲದಲ್ಲಿಡತಕ್ಕದ್ದು.

ಬಿರಿದ ಕವಚವನ್ನು ತೊಟ್ಟವನು ಅದನ್ನು ನಂಬಿ ಮುನ್ನುಗ್ಗುವುದರಿಂದ, ಬರಿಮೈಯವನಿಗಿಂತ ಹೆಚ್ಚಿನ ಅಪಾಯಕ್ಕೊಳಗಾಗುವನು. ಆದಕಾರಣ ಇದರ ಶುದ್ಧಿಗೆ ತಗಲುವ ಹೊತ್ತನ್ನು ಕೂಲಿಯ ಹೊತ್ತಿನೊಳಗೇ ಎಣಿಸುವುದು ನ್ಯಾಯ.